ಬೆಣ್ಣಿಗೊಂದು ಜೀನು

ಸೀಟು ಹೊಲಿಯುವವನ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಒಂದಿಷ್ಟು ರೆಕ್ಸಿನ್ನು, ಫೋಮು, ಸೂಜಿ ದಾರ ಇಟ್ಟುಕೊಂಡು ಅಂಗಡಿ ತೆರೆದು ಕೂತರೆ ಸಾಕು, ಲೋಕದಲ್ಲಿ ಮನುಷ್ಯರು ಕೂಡುವಂಥದ್ದೆಲ್ಲ ಒಂದಲ್ಲ ಒಂದು ದಿನ ನಿಮ್ಮ ಮೆಟ್ಟಿಲ ಮುಂದೆ ಬಂದು ನಿಲ್ಲುತ್ತದೆ. ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿದ್ದ ನನ್ನ ಅಂಗಡಿಯ ಬೋರ್ಡಿನ ಮೇಲೆ ಸ್ಕೂಟರ್, ಮೋಟರ್ ಸೈಕಲ್, ಆಟೋ, ಟ್ರ್ಯಾಕ್ಟರ್ ಎಂದಷ್ಟೇ ಬರೆಸಿದ್ದೆ. ಬಂದದ್ದು ಮಾತ್ರ ಕಟಿಂಗ್ ಅಂಗಡಿಯ ಕುರ್ಚಿ, ಹಲ್ಲಿನ ಡಾಕ್ಟರ ಕುರ್ಚಿ, ಟಾಕೀಸಿನ ಬಾಲ್ಕನಿಯ ಅರ್ಧ ಸಾಲು, ಒಮ್ಮೆ ಒಂದು ಪಲ್ಲಕ್ಕಿಯ ಗಾದಿ.

ಯಾವುದೇ ಬರಲಿ, ಕೆಲಸ ಮುಗಿದ ಮೇಲೆ ನನಗೊಂದು ಚಾಳಿ. ಸೀಟಿನ ಹಿಂಭಾಗಕ್ಕೆ ಅಂಗೈಯಿಂದ ಎರಡು ಏಟು ಬಡಿದು, ಧೂಳು ಹಾರಿಸಿ, "ಹ್ಞೂಂ, ಹೋಗ್ರಿ ಇನ್ನ" ಅನ್ನುವುದು. ಕೂತವರು ಮೋಟರ್ ಸೈಕಲ್ ಕಿಕ್ ಹೊಡೆದು ಹೋಗುತ್ತಿದ್ದರು. ಹಲ್ಲಿನ ಡಾಕ್ಟರ ಕುರ್ಚಿಯನ್ನು ದವಾಖಾನೆಗೆ ಒಯ್ದು ಕೂಡಿಸಿದಾಗಲೂ ಹಾಗೇ ಅಂದಿದ್ದೆ. ಅದರಲ್ಲಿ ಕೂತಿದ್ದ ರೋಗಿ ನಿಜವಾಗಿಯೂ ಎದ್ದು ಹೋಗಿಬಿಟ್ಟ.

ಮಾಡೆಲ್ ಯಾವುದು?

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ಬೆಳಿಗ್ಗೆ ಹಣೆ ತುಂಬ ವಿಭೂತಿ, ತಲೆಗೆ ಬಿಳಿ ಟೊಪ್ಪಿಗೆ, ಕಂಕುಳಲ್ಲಿ ಒಂದು ಚೀಲ ಇದ್ದ ಹಿರಿಯರೊಬ್ಬರು ಅಂಗಡಿಗೆ ಬಂದರು.

"ಶರಣ್ರಿ. ಒಂದು ಸೀಟು ಆಗಬೇಕಾಗಿತ್ತು."

"ಆಗ್ತದ್ರಿ ಕಾಕಾ, ಕುಂದ್ರಿ. ಎಷ್ಟು ಮಂದಿ ಕೂಡೋದು?"

"ಒಬ್ಬನೇ. ಅದೂ ಜೀವನದಾಗ ಒಂದೇ ಸಲ."

ಕಿವಿಯಿಂದ ಪೆನ್ಸಿಲು ತೆಗೆದವನು ಹಾಗೇ ನಿಂತೆ. "ಮಾಡೆಲ್ ಯಾವುದ್ರಿ?"

"ಬಣ್ಣ ಬಿಳಿ. ಎರಡು ಮರಿ ಹಾಕ್ಯಾಳ. ಸ್ವಭಾವ ಬಂಗಾರದಂಥಾದ್ದು."

ಆಮೇಲೆ ಚೀಲದಿಂದ ಕುದುರೆಯ ಬೆನ್ನಿಗೆ ಹಾಕುವ ಹರಿದ ಹಳೆಯ ಜೀನು ಒಂದನ್ನು ತೆಗೆದು ಕಟ್ಟೆಯ ಮೇಲಿಟ್ಟರು. ಕಾಕಾನ ಊರು ಚಿಂಚೋಳಿ ತಾಲೂಕಿನ ಐನಾಪುರ. ಮನೆಯಲ್ಲಿ ತುಸು ಹೊಲ, ಒಬ್ಬ ಮಗಳು, ಒಂದು ಕುದುರೆ. ಕುದುರೆಯ ಹೆಸರು ಬೆಣ್ಣಿ. ಸುತ್ತಲಿನ ಹಳ್ಳಿಗಳಲ್ಲಿ ಮದುವೆ ಇದ್ದರೆ ಮದುಮಗ ಬೆಣ್ಣಿಯ ಮೇಲೆ ಬರುತ್ತಿದ್ದ, ಬಾಜಾದ ತಾಳಕ್ಕೆ ಬೆಣ್ಣಿ ಕಾಲೆತ್ತಿ ಕುಣಿಯುತ್ತಿದ್ದಳು. ಆದರೆ ಆಕೆಯದು ಅಗಲ ಬೆನ್ನು, ಜೀನು ಮಾತ್ರ ಸಪೂರ ಕುದುರೆಗಾಗಿ ಮಾಡಿದ್ದು. ವರ್ಷಗಟ್ಟಲೆ ಅದು ಎರಡೂ ಕಡೆಯಿಂದ ಇಕ್ಕಳದ ಹಾಗೆ ಹಿಡಿದು ಭುಜದ ಹಿಂದೆ ಗಾಯ ಮಾಡಿತ್ತು.

"ಗಾಯ ಮಾಯ್ದದ," ಎಂದರು ಕಾಕಾ. "ಆದ್ರ ಕುಣಿಯೋದು ಬಿಟ್ಟಾಳ. ಹಲಗಿ ಸಪ್ಪಳ ಕೇಳಿದ ಕೂಡ್ಲೆ ಒಂದು ಕಾಲು ಎತ್ತತಾಳ. ಬ್ಯಾನಿ ನೆಪ್ಪಾಗಿ ಮತ್ತ ಕೆಳಗ ಇಡತಾಳ. ಅದನ್ನ ನೋಡಾಕ ಆಗವಲ್ದು ತಮ್ಮಾ."

ಇಷ್ಟರ ಮೇಲೆ ಮಗಳ ಲಗ್ನ ಗೊತ್ತಾಗಿತ್ತು. ಆ ಹುಡುಗಿಯ ಕೈಯಲ್ಲೇ ಬೆಳೆದ ಕುದುರೆ ಅದು. ಮದುಮಗ ಬೆಣ್ಣಿಯ ಮೇಲೆಯೇ ಬರಬೇಕು, ಬೆಣ್ಣಿ ಕುಣಿಯಲೇಬೇಕು ಎಂದು ಆಕೆ ಹಟ ಹಿಡಿದಿದ್ದಳು. "ಅವರವ್ವ ಇದ್ದಿದ್ರ ಏನಾರ ಸಮಾಧಾನ ಹೇಳ್ತಿದ್ಳು. ಆಕಿ ಹೋಗಿಬಿಟ್ಟಾಳ. ನನಗ ಸಮಾಧಾನ ಹೇಳಾಕ ಬರಂಗಿಲ್ಲ," ಎಂದು ಕಾಕಾ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು.

ನನ್ನ ಅಂಗಡಿಗೆ ಅದುವರೆಗೆ ಬಂದವರೆಲ್ಲ ಕೂಡುವವರ ತ್ರಾಸು ಹೇಳಿಕೊಂಡು ಬಂದಿದ್ದರು. ಕೂಡಿಸಿಕೊಳ್ಳುವವರ ತ್ರಾಸು ಹೇಳಿಕೊಂಡು ಬಂದವರು ಕಾಕಾ ಒಬ್ಬರೇ. ನನಗೆ ಅವರ ಮೇಲೆ ಅಲ್ಲೇ ಪ್ರೀತಿ ಹುಟ್ಟಿತು. ಮಾಡಿಕೊಡುತ್ತೇನೆ ಎಂದುಬಿಟ್ಟೆ.

ಕಾಕಾ ಹೋದ ಮೇಲೆ ಒಳಗಿನಿಂದ ನನ್ನ ಹೆಂಡತಿ ಬಂದಳು. "ಏನ್ರಿ, ಕುದುರಿ ಮ್ಯಾಲೆ ನೀವು ಒಮ್ಮೆರೆ ಕುಂತೀರೇನು?"

"ನಮ್ಮ ಲಗ್ನದಾಗ ಕುಂತಿದ್ದೆನಲ್ಲ!"

"ಹೌದು, ಕುಂತಿದ್ರಿ. ಇಳಸಾಕ ನಾಕು ಮಂದಿ ಬೇಕಾದ್ರು. ಅದರ ಕುತಗಿ ಅಪ್ಪಿಕೊಂಡಾಂವ್ರು ಬಿಡವಲ್ರಾಗಿದ್ರಿ. ನನಗ ಮಾಲಿ ಹಾಕೋಮುಂದ ಸುದ್ದಾ ಅಷ್ಟು ಪ್ರೀತಿ ತೋರಿಸ್ಲಿಲ್ಲ."

ಸೇಟಜಿ ಬಗ್ಗಿದರು

ಮಾಡುವ ಮೊದಲು ಕೊಳ್ಳಲು ಸಿಗುತ್ತದೋ ನೋಡೋಣ ಎಂದು ಕಾಕಾ, ನಾನು ಇಬ್ಬರೂ ಹೈದರಾಬಾದಿಗೆ ಹೋದೆವು. ನಾನು ಶಹಾಬಾದಿನಲ್ಲಿ ರೈಲು ಹತ್ತಿದೆ, ಕಾಕಾ ತಾಂಡೂರಿನಲ್ಲಿ ಹತ್ತಿದರು. ಅಲ್ಲಿ ಕುದುರೆ ಸಾಮಾನಿನ ಒಂದು ದೊಡ್ಡ ಅಂಗಡಿ ಇತ್ತು. ಅದರ ಸೇಟಜಿ ದಖ್ಖನಿ ಮಾತಾಡುವವರು. ಅವರು ಹೇಳಿದ್ದನ್ನು ನಾನು ಕಾಕಾಗೆ ಕನ್ನಡದಲ್ಲಿ ಹೇಳುತ್ತ ನಿಂತೆ.

ಮೊದಲು ರೇಸಿನ ಕುದುರೆಯ ಜೀನು ತಂದರು. ಕಾಕಾ ಅಂಗೈ ಮೇಲಿಟ್ಟು ನೋಡಿ, "ಇದು ಬೆಣ್ಣಿ ತಲಿಗೆ ಕುಲಾಯಿ ಆಗ್ತದ," ಎಂದರು. ಆಮೇಲೆ ಪೊಲೀಸ್ ಕುದುರೆಯದು ತಂದರು. "ಇದರ ಮ್ಯಾಲೆ ಕುಂತ್ರ ಮದುಮಗಗ ಯಾರನ್ನರೆ ಹಿಡದು ಒಳಗ ಹಾಕಬೇಕು ಅನಸ್ತದ," ಎಂದರು. ಕೊನೆಗೆ ಸೇಟಜಿ ಒಳಗಿನ ಕೋಣೆಯಿಂದ ಬಟ್ಟೆ ಸುತ್ತಿದ ಒಂದು ಕರಿಯ ಜೀನನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದರು. ಪರದೇಶದಲ್ಲಿ ಕುಣಿಯುವ ಕುದುರೆಗೆ ಹಾಕುವಂಥದ್ದಂತೆ. ಮುಂದಿನ ಕಮಾನಿಗೆ ಒಂದು ತಿರುಪು ಇತ್ತು. ತಿರುವಿದರೆ ಕಮಾನು ಅಗಲವಾಗುತ್ತದೆ, ಹಿಂದಕ್ಕೆ ತಿರುವಿದರೆ ಸಣ್ಣದಾಗುತ್ತದೆ.

ಕಾಕಾನ ಕಣ್ಣು ಅರಳಿತು. "ಪರದೇಶದಾಗೂ ಲಗ್ನಕ್ಕ ಕುದುರಿ ಕುಣಸ್ತಾರೇನು?"

ಲಗ್ನಕ್ಕಲ್ಲ, ದೊಡ್ಡ ಮೈದಾನದಲ್ಲಿ ಅದೊಂದೇ ಕುಣಿಯುತ್ತದೆ, ಸುತ್ತ ಕೂತವರು ಮಾರ್ಕು ಹಾಕುತ್ತಾರೆ ಎಂದರು ಸೇಟಜಿ.

"ಬೀಗರು ಇಲ್ಲ, ಊಟ ಇಲ್ಲ, ಒಬ್ಬಾಕಿನೇ ಕುಣೀಬೇಕು? ಪಾಪ," ಎಂದು ಕಾಕಾ ಮರುಗಿದರು.

ಬೆಣ್ಣಿಯ ಬೆನ್ನು ಎಷ್ಟು ಅಗಲ ಎಂದು ಸೇಟಜಿ ಕೇಳಿದರು. ಕಾಕಾ ಎರಡೂ ಕೈ ಚಾಚಿದರು. ಸಮಾಧಾನವಾಗಲಿಲ್ಲ. ಅಂಗಡಿಯ ತುಂಬ ಸುತ್ತಾಡಿ ಬೆಣ್ಣಿಯ ಬೆನ್ನಿನಂಥದ್ದು ಏನಾದರೂ ಇದೆಯೋ ಎಂದು ಹುಡುಕಿದರು. ಗೋಡೆ ಮುಟ್ಟಿದರು, ಪೆಟ್ಟಿಗೆ ಮುಟ್ಟಿದರು. ಕೊನೆಗೆ ಅವರ ಕಣ್ಣು ಹೋಗಿ ಸೇಟಜಿಯ ಮೇಲೆ ನಿಂತಿತು. ಸೇಟಜಿ ಒಳ್ಳೆ ತುಪ್ಪ ಉಂಡು ಬೆಳೆದ ಮನುಷ್ಯ.

"ತಮ್ಮಾ, ಅವರಿಗೆ ಒಂದೀಟು ಬಗ್ಗರಿ ಅಂತ ಹೇಳು."

ನಾನು ಹೇಳಲಾರೆ ಎಂದೆ. ಕಾಕಾ ತಾವೇ ಕೈಮುಗಿದು, ಬಗ್ಗಿ ತೋರಿಸಿ, ಮಗಳ ಲಗ್ನ, ಬೆಣ್ಣಿಯ ಗಾಯ, ಎಲ್ಲವನ್ನೂ ಐನಾಪುರದ ಕನ್ನಡದಲ್ಲೇ ಹೇಳಿದರು. ಸೇಟಜಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ, ಆದರೆ ಅವರ ಕಣ್ಣು ಒದ್ದೆಯಾಯಿತು. ಹೆಣ್ಣುಮಕ್ಕಳ ತಂದೆ ಅಂತ ಆಮೇಲೆ ಗೊತ್ತಾಯಿತು. ಸೇಟಜಿ ಟೊಪ್ಪಿಗೆ ತೆಗೆದಿಟ್ಟು, ಗಾದಿಯ ಮೇಲೆ ಎರಡೂ ಕೈಯೂರಿ ಬಗ್ಗಿ ನಿಂತರು. ಕಾಕಾ ಜೀನನ್ನು ಅವರ ಬೆನ್ನ ಮೇಲಿಟ್ಟು, ತಿರುಪನ್ನು ಕೊನೆಯವರೆಗೆ ತಿರುವಿ, ಸುತ್ತ ಬೆರಳು ಹಾಕಿ ನೋಡಿದರು.

"ಇವರಿಗೆ ಬರೋಬ್ಬರಿ ಕೂಡ್ತದ. ಬೆಣ್ಣಿ ಇವರಕಿಂತಾ ನಾಕು ಬೆರಳು ಅಗಲ."

ಅಷ್ಟರಲ್ಲಿ ಒಬ್ಬ ಹೊಸ ಗಿರಾಕಿ ಒಳಗೆ ಬಂದು, ಜೀನು ಹೊತ್ತು ನಿಂತಿದ್ದ ಮಾಲೀಕರನ್ನು ನೋಡಿ ಬೆಪ್ಪಾಗಿ, ಏನು ಹೇಳಬೇಕೋ ತಿಳಿಯದೆ, "ಎಷ್ಟಕ್ಕೆ ಕೊಡ್ತೀರಿ?" ಎಂದು ಕೇಳಿದ.

ಅದನ್ನೂ ಕನ್ನಡದಲ್ಲಿ ಹೇಳಿದೆ. ಕಾಕಾ ನನ್ನ ಕಿವಿಯಲ್ಲಿ ಕೇಳಿದರು. "ಜೀನಿಂದು ಕೇಳಾಕತ್ತಾನೋ, ಸೇಟಜೀದು ಕೇಳಾಕತ್ತಾನೋ?"

ಡೊಂಕು ತಂತಿ

ಸಿಗುವ ಜೀನುಗಳಲ್ಲಿ ಅತಿ ಅಗಲದ್ದೂ ಬೆಣ್ಣಿಗೆ ಸಾಲುವುದಿಲ್ಲ ಎಂದು ಖಾತ್ರಿಯಾಯಿತು. ಆದರೆ ಆ ತಿರುಪಿನ ಕಮಾನನ್ನು ನಾನು ಕೆಳಗಿನಿಂದ ಚೆನ್ನಾಗಿ ನೋಡಿಕೊಂಡು ಬಂದಿದ್ದೆ. ಅಂಥದ್ದನ್ನೇ ಇನ್ನೂ ಅಗಲವಾಗಿ ಮಾಡಬೇಕು, ಅದಕ್ಕೆ ಬೆನ್ನಿನ ಅಳತೆ ಬೇಕು ಎಂದು ದಪ್ಪ ಅಲ್ಯೂಮಿನಿಯಂ ತಂತಿ ತೆಗೆದುಕೊಂಡು ಐನಾಪುರಕ್ಕೆ ಹೋದೆ.

ಬೆಣ್ಣಿಯನ್ನು ಮೊದಲ ಸಲ ನೋಡಿದ್ದು ಆಗಲೇ. ಅದು ಬೆನ್ನಲ್ಲ, ನಾಲ್ಕು ಮಂದಿ ಕೂತು ಹರಟೆ ಹೊಡೆಯಬಹುದಾದ ಕಟ್ಟೆ. ಕಾಕಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ತಮ್ಮ ಹಣೆಗೆ ಹಚ್ಚಿಕೊಂಡ ವಿಭೂತಿಯನ್ನೇ ಆಕೆಯ ಹಣೆಗೂ ಎಳೆದಿದ್ದರು. ಬಿಳಿ ಹಣೆಯ ಮೇಲೆ ಅದು ಕಾಣುತ್ತಿರಲಿಲ್ಲ. ಕಾಣದಿದ್ದರೂ ಆಕಿಗೆ ಗೊತ್ತಿರತದ ಎಂದರು. ಬೆಣ್ಣಿ ನನ್ನನ್ನು ಮೂಸಿ, ಕಿವಿಯಲ್ಲಿದ್ದ ಪೆನ್ಸಿಲನ್ನು ನಾಜೂಕಾಗಿ ಎಳೆದುಕೊಂಡು ತಿಂದುಬಿಟ್ಟಳು. ಮಗಳು ಬಿದ್ದು ಬಿದ್ದು ನಕ್ಕಳು.

ತಂತಿಯನ್ನು ಬೆನ್ನ ಮೇಲಿಟ್ಟು ಮೆಲ್ಲಗೆ ಒತ್ತಿ, ಏರು ಇಳಿವು ಎಲ್ಲ ಮೂಡಿಸಿಕೊಂಡು, ಗಾಳಿಯೂ ತಾಗದ ಹಾಗೆ ಹಿಡಿದು ಬಸ್ಸು ಹತ್ತಿದೆ. ಸೇಡಂ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಿ, ಶಹಾಬಾದಿನ ಬಸ್ಸಿನಲ್ಲಿ ತಂತಿಯನ್ನು ಸೀಟಿನ ಮೇಲಿಟ್ಟು, ಪಕ್ಕದಲ್ಲಿದ್ದ ರಿಟೈರ್ಡ್ ಮಾಸ್ತರೊಬ್ಬರಿಗೆ "ಸರ, ಒಂದೀಟು ನೋಡ್ಕೋರಿ, ಚಹಾ ಕುಡದು ಬರ್ತೀನಿ" ಎಂದು ಹೇಳಿ ಇಳಿದೆ.

ಬರುವಷ್ಟರಲ್ಲಿ ಮಾಸ್ತರರು ಬೆವರಿದ್ದರು. ತಂತಿ ಅವರ ತೊಡೆಯ ಮೇಲೆ ಫುಟ್‌ಪಟ್ಟಿಯ ಹಾಗೆ ನೆಟ್ಟಗೆ ಮಲಗಿತ್ತು.

"ಇಷ್ಟು ಚಲೋ ತಂತಿ ಡೊಂಕಾಗಿತ್ತಲ್ಲೋ ತಮ್ಮಾ. ಮೊಳಕಾಲಿಗೆ ಹಚ್ಚಿ ನೆಟ್ಟಗ ಮಾಡೀನಿ ನೋಡು. ಜೀವಮಾನ ಎಲ್ಲಾ ಹುಡುಗರನ್ನೇ ನೆಟ್ಟಗ ಮಾಡೀನಿ, ತಂತಿ ಏನ್ ದೊಡ್ಡದು?"

ಆ ಮುಖದಲ್ಲಿ ದೊಡ್ಡ ಸಂತೋಷವಿತ್ತು. ಭಾಳ ಉಪಕಾರ ಆತ್ರಿ ಸರ ಎಂದು ಕೈಮುಗಿದು, ಅದೇ ಬಸ್ಸಿನಿಂದ ಇಳಿದು, ಚಿಂಚೋಳಿ ಕಡೆಯ ಬಸ್ಸು ಹತ್ತಿದೆ.

ಎರಡನೇ ಸಲ ತಂತಿಗೆ ಒಂದು ಚೀಟಿ ಕಟ್ಟಿದೆ. 'ಇದು ಡೊಂಕಾಗಿಯೇ ಇರಬೇಕು, ಯಾರೂ ನೆಟ್ಟಗೆ ಮಾಡಬಾರದು.' ಕಂಡಕ್ಟರ್ ಅದನ್ನು ಎರಡು ಸಲ ಓದಿ ಹೇಳಿದ. "ಇಳಿಯೋಮುಂದ ಈ ಚೀಟಿ ನನಗ ಕೊಡ್ರಿ. ನಮ್ಮ ಮಾವನ ಕೊಳ್ಳಾಗ ಕಟ್ಟೋದದ."

ಆಚಾರ್ರ ಸವಾರಿ

ಕುದುರೆಯನ್ನು ಅಂಗಡಿಗೆ ತರಲು ಆಗುವುದಿಲ್ಲವಲ್ಲ. ಒಂದು ಖಾಲಿ ಡ್ರಮ್ಮನ್ನು ಅಡ್ಡ ಮಲಗಿಸಿ, ಎರಡೂ ಕಡೆ ಪರಸಿ ಕಲ್ಲು ಕೊಟ್ಟು ಎತ್ತರಿಸಿ, ತಂತಿಯ ಅಳತೆಗೆ ಸರಿಯಾಗುವವರೆಗೆ ಮನೆಯ ಕೌದಿಗಳನ್ನು ಸುತ್ತಿದೆ. ಆ ವಾರ ಮನೆಯಲ್ಲಿ ಹೊದೆಯುವುದಕ್ಕೆ ಏನೂ ಇರಲಿಲ್ಲ. ಹೆಂಡತಿ, "ನಾವೂ ಹೋಗಿ ಆ ಡ್ರಮ್ಮಿನ ಮಗ್ಗಲಕ್ಕ ಮಲಗೋಣ ನಡೀರಿ," ಎಂದಳು.

ಪಕ್ಕದ ವೆಲ್ಡಿಂಗ್ ಅಂಗಡಿಯವನು ಕಬ್ಬಿಣದ ಕಮಾನನ್ನು ನಡುವೆ ಕತ್ತರಿಸಿ, ಕೀಲು ಕೂಡಿಸಿ, ಕೈಯಿಂದಲೇ ತಿರುವಬಹುದಾದ ಒಂದು ನಟ್ಟು ಹಾಕಿಕೊಟ್ಟ. ಅದರ ಮೇಲೆ ಚರ್ಮ, ಕೆಳಗೆ ಕುರಿಯ ಉಣ್ಣೆಯ ಮೆತ್ತೆ. ಜೀನು ಡ್ರಮ್ಮಿನ ಮೇಲೆ ಕೂತಾಗ ನನಗೇ ನಂಬಿಕೆ ಬರಲಿಲ್ಲ, ಅಷ್ಟು ಚೆಂದ ಬಂದಿತ್ತು.

ಅದು ನಿಜವಾಗಿ ಹೇಗಿದೆ ಎಂದು ಹೇಳಲು ಯಾರಾದರೂ ಕೂತು ನೋಡಬೇಕಿತ್ತು. ನಮ್ಮ ಹಿಂದಿನ ಓಣಿಯಲ್ಲಿ ಒಬ್ಬ ಆಚಾರ್ರು ಇದ್ದರು. ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿ ಹೇಳಿ ನಡು ಹಿಡಿದುಹೋಗಿತ್ತು. ಸಂಜೆ ಪೇಪರ್ ಓದಲು ನನ್ನ ಅಂಗಡಿಗೆ ಬರುತ್ತಿದ್ದರು. "ಆಚಾರ್ರೆ, ಒಂದು ಸಲ ಹತ್ತಿ ನೋಡ್ರಿ," ಎಂದೆ. ಧೋತರ ಸಾವರಿಸಿಕೊಂಡು ಹತ್ತಿದರು. ಹತ್ತಿದವರು ಕಣ್ಣು ಮುಚ್ಚಿದರು.

"ಏನ್ ಆತ್ರಿ?"

"ಮಾತಾಡಸಬ್ಯಾಡೋ. ನಡಾ ಹಿಡದದ್ದು ಬಿಡ್ಲಿಕತ್ಯಾದ."

ಅಂದಿನಿಂದ ಆಚಾರ್ರು ದಿನಾ ಸಂಜೆ ಬಂದು, ಡ್ರಮ್ಮಿನ ಮೇಲೆ ಹತ್ತಿ, ಬೆನ್ನು ನೆಟ್ಟಗೆ ಮಾಡಿ, ಪೇಪರ್ ಬಿಡಿಸಿ ಕೂಡತೊಡಗಿದರು. ರಸ್ತೆಯಲ್ಲಿ ಹೋಗುವವರು ನಮಸ್ಕಾರ ಮಾಡಿದರೆ ಮೇಲಿನಿಂದಲೇ ಕೈ ಎತ್ತುತ್ತಿದ್ದರು. ಅಂಗಡಿಗೆ ಅವರನ್ನು ನೋಡಲೆಂದೇ ಜನ ಬಂದರು. ಗಿರಾಕಿ ಹೆಚ್ಚಾದರು ಅಂತ ನಾನೂ ಸುಮ್ಮನಿದ್ದೆ.

ಒಂದು ಸಂಜೆ ಅವರ ಹೆಂಡತಿ ಹುಡುಕಿಕೊಂಡು ಬಂದರು. ಬಾಗಿಲಲ್ಲಿ ನಿಂತು ಗಂಡನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಸಂಧ್ಯಾವಂದನಕ್ಕ ಹೊತ್ತಾತು. ಇಳೀತೀರೋ, ಇಲ್ಲಾ ನೀರು ಪಂಚಪಾತ್ರಿ ಇಲ್ಲೇ ತಂದು ಕೊಡ್ಲೋ, ಕುದುರಿ ಮ್ಯಾಲೇ ಮುಗಸ್ತೀರೋ?"

ಆಚಾರ್ರು ಇಳಿಯುತ್ತ ನನಗೆ ಮೆಲ್ಲಗೆ ಕೇಳಿದರು. "ಲಗ್ನ ಮುಗಿದ ಮ್ಯಾಲೆ ಇಂಥಾದ್ದೇ ಒಂದು ನನಗೂ ಮಾಡಿಕೊಡು. ಕುದುರಿ ಬ್ಯಾಡ. ಡ್ರಮ್ಮು ಸಾಕು."

ಹಿಂದೆ ಹೊಲಿದದ್ದು

ಜೀನು ತಯಾರಾಗುವ ನಡುವೆ ಎರಡು ಸಲ ಐನಾಪುರಕ್ಕೆ ಒಯ್ದು ಬೆಣ್ಣಿಗೆ ಹಾಕಿ ನೋಡಿದ್ದೆ. ಬರೀ ಕಮಾನು ಇದ್ದಾಗ ಒಮ್ಮೆ, ಮೆತ್ತೆ ಹಾಕಿದ ಮೇಲೆ ಒಮ್ಮೆ. ಎರಡೂ ಸಲ ಆಕೆ ಮೈ ಬಿಗಿ ಹಿಡಿದು ನಿಲ್ಲುತ್ತಿದ್ದಳು. ನಾನು ನಟ್ಟು ತಿರುವಿ ಸರಿಮಾಡಿ, ಚಾಳಿಯಂತೆ ಹಿಂಭಾಗಕ್ಕೆ ಎರಡು ಏಟು ಬಡಿದು "ಹ್ಞೂಂ, ಹೋಗ್ರಿ ಇನ್ನ" ಅನ್ನುತ್ತಿದ್ದೆ. ಆಗ ಆಕೆ ಉಸಿರು ಬಿಟ್ಟು ನಾಲ್ಕು ಹೆಜ್ಜೆ ನಡೆಯುತ್ತಿದ್ದಳು. ಕುಣಿತದ ಮಾತು ಮಾತ್ರ ಇರಲಿಲ್ಲ.

ಮೂರನೇ ಸಲ ಪೂರಾ ತಯಾರಾದ ಜೀನು ಒಯ್ದೆ. ಕೆಂಪು ಚರ್ಮ, ಹಳದಿ ಅಂಚು, ಎರಡೂ ಕಡೆ ಗೊಂಡೆ. ಹಾಕಿದೆವು. ಕಾಕಾ ಮೆತ್ತೆಯ ಕೆಳಗೆ ಬೆರಳು ಆಡಿಸಿ, ನಟ್ಟನ್ನು ಒಂದೀಟು ಸಡಿಲಿಸಿ, ತಲೆ ಆಡಿಸಿದರು. ನಾನು ಎರಡು ಏಟು ಬಡಿದೆ, "ಹೋಗ್ರಿ ಇನ್ನ" ಎಂದೆ.

ಬೆಣ್ಣಿ ತಿರುಗಿ ಒಮ್ಮೆ ತನ್ನ ಬೆನ್ನು ನೋಡಿಕೊಂಡಳು. ಒಂದು ಮುಂಗಾಲು ಎತ್ತಿದಳು. ಇಟ್ಟಳು. ಇನ್ನೊಂದು ಎತ್ತಿದಳು. ಬಾಜಾ ಇರಲಿಲ್ಲ, ಹಲಗಿ ಇರಲಿಲ್ಲ. ಅಂಗಳದಲ್ಲಿ ತನ್ನಷ್ಟಕ್ಕೆ ತಾನು ಒಂದು ಸುತ್ತು ಕುಣಿದಳು. ಕಾಕಾ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು.

ಆಗ ಬೆಣ್ಣಿಯ ಹಿಂದೆ ನಿಂತಿದ್ದ ಮಗಳು ಇದ್ದಕ್ಕಿದ್ದಂತೆ ಮುಂದಕ್ಕೆ ಬಗ್ಗಿದಳು. ಜೀನಿನ ಹಿಂಭಾಗವನ್ನೇ ನೋಡುತ್ತಿದ್ದಳು. ನಾನೂ ಹೋಗಿ ನೋಡಿದೆ. ನಾನು ಹೊಲಿದ ಟ್ರ್ಯಾಕ್ಟರ್ ಸೀಟುಗಳ ಹಿಂದೆಲ್ಲ ರೆಕ್ಸಿನ್ನಿನ ಅಕ್ಷರ ಕತ್ತರಿಸಿ 'ತಾಯಿಯ ಆಶೀರ್ವಾದ' ಎಂದು ಹೊಲಿಯುವುದು ರೂಢಿ. ಯಾರೂ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ, ಕೈ ತಾನೇ ಹೊಲಿದುಬಿಡುತ್ತದೆ. ಈ ಜೀನಿನ ಹಿಂದೆಯೂ ಹಳದಿ ಅಕ್ಷರಗಳಲ್ಲಿ ಹೊಲಿದಿತ್ತು.

"ತಪ್ಪಾತವ್ವಾ, ಈಗೇ ಬಿಚ್ಚಿ ತೆಗೀತೀನಿ," ಎಂದು ಬ್ಲೇಡು ಹುಡುಕಿದೆ.

"ಬ್ಯಾಡ್ರಿ ಅಣ್ಣಾ." ಆಕೆ ಅಂಗೈಯನ್ನು ಆ ಅಕ್ಷರಗಳ ಮೇಲಿಟ್ಟಳು. "ಇರ್ಲಿ. ನಮ್ಮವ್ವನೇ ಬಂದು ಹೇಳಿ ಹೊಲಿಸಿದಂಗ ಅದ."

ಕಾಕಾ ಕಣ್ಣೊರೆಸಿಕೊಂಡು ನನ್ನ ಭುಜ ಹಿಡಿದರು. "ಈ ಹುಡುಗಿ ಮನಸಿನಾಗಿಂದು ನಿನಗ ಹೆಂಗ ತಿಳೀತು ತಮ್ಮಾ? ಖರೆ ಹೇಳು."

ಆ ಹೊತ್ತಿನಲ್ಲಿ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. "ಖರೆ ಹೇಳಬೇಕಂದ್ರ ಕಾಕಾ, ಇದು ಟ್ರ್ಯಾಕ್ಟರಿಗೆ ಹಾಕೋದು."

ಹುಡುಗಿ ಅಳುತ್ತಲೇ ನಕ್ಕಳು. "ಆಗ್ಲಿ ಬಿಡ್ರಿ. ನಮ್ಮವ್ವಗ ಟ್ರ್ಯಾಕ್ಟರ್ ಅಂದ್ರ ಭಾಳ ಸೇರ್ತಿತ್ತು. ಅಪ್ಪಗ ಹೊಡಿಯಾಕ ಬರಂಗಿಲ್ಲಂತ ದಿನಾ ಬೈತಿದ್ಳು."

ಪದ್ಧತಿ

ಲಗ್ನದ ತನಕ ಜೀನು ಹೊಸದಾಗಿಯೇ ಇರಲಿ ಎಂದು ಕಾಕಾ ಅದನ್ನು ಬಟ್ಟೆಯಲ್ಲಿ ಸುತ್ತಿ ಮೇಲೆ ತೂಗುಹಾಕಿದರು. ಬೆಣ್ಣಿ ಅಂದು ಕುಣಿದದ್ದೇ ಕೊನೆ, ಮತ್ತೆ ಯಾರೂ ಆಕೆಗೆ ಅದನ್ನು ಹಾಕಿ ನೋಡಲಿಲ್ಲ.

ಲಗ್ನದ ದಿನ ನಾನು ಹೆಂಡತಿಯೊಂದಿಗೆ ಹೋದೆ. ಹನುಮಂತ ದೇವರ ಗುಡಿಯ ಮುಂದೆ ಬೆಣ್ಣಿ ಸಿಂಗಾರವಾಗಿ ನಿಂತಿದ್ದಳು. ಮದುಮಗ ಸೇಡಂ ಕಡೆಯವನು, ಆಫೀಸು ಕೆಲಸ, ಬಿಳಿ ಬಟ್ಟೆ, ಹಣೆಗೆ ಬಾಸಿಂಗ. ಪಾಪ, ಕುದುರೆ ಎಂದರೆ ಭಯ. ಜೀನು ಹೊಲಿದವನು ನಾನೇ ಎಂದು ಗೊತ್ತಾಗಿ ನನ್ನನ್ನು ಮಗ್ಗುಲಿಗೆ ಕರೆದು, "ಇದಕ್ಕ ಬ್ರೇಕ್ ಎಲ್ಲಿ ಬರ್ತದ್ರಿ?" ಎಂದು ಕೇಳಿದ. ಅವನಿಗೆ ಧೈರ್ಯ ಹೇಳಿ, ಎಲ್ಲ ಸರಿಯಾಗಿದೆ ಎಂದುಕೊಂಡು ನಾನು ನಾಷ್ಟಾಕ್ಕೆ ಕೂತೆ. ಅರಿಶಿಣ, ಉಳ್ಳಾಗಡ್ಡಿ ಹಾಕಿದ ಚುರುಮುರಿಯ ಹಳದಿ ಸುಸಲಾ, ಬಿಸಿ ಮಿರ್ಚಿ ಭಜಿ.

ಎರಡು ತುತ್ತು ಆಗಿರಬೇಕು, ಬಾಜಾ ಶುರುವಾಯಿತು. ಆಮೇಲೆ ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು. ನನ್ನ ಕೈ ಎಲೆಯ ಮೇಲೇ ನಿಂತಿತು. ಹೆಂಡತಿ ಓಡಿ ಬಂದಳು. "ಏಳ್ರಿ, ಬೆಣ್ಣಿ ಹೆಜ್ಜಿ ಎತ್ತವಲ್ಳು!"

ಎಂಜಲ ಕೈಯಲ್ಲೇ ಓಡಿದೆ. ಮದುಮಗ ಮೇಲೆ ಕೂತಿದ್ದಾನೆ, ಬಾಜಾದವರು ಬೆವರು ಒರೆಸಿಕೊಳ್ಳುತ್ತಿದ್ದಾರೆ, ಬೆಣ್ಣಿ ಮೈ ಬಿಗಿಹಿಡಿದು ಕಲ್ಲಿನ ಹಾಗೆ ನಿಂತಿದ್ದಾಳೆ. ಒಂದು ಕಾಲು ಎತ್ತುತ್ತಾಳೆ, ಇಡುತ್ತಾಳೆ. ಬೀಗರ ಕಡೆಯವರು ಗುಸುಗುಸು ಮಾತಾಡುತ್ತಿದ್ದರು, ಅಪಶಕುನ ಎಂಬ ಮಾತೂ ಕೇಳಿಸಿತು. ಕಾಕಾ ನಟ್ಟು ತಿರುವುತ್ತಾರೆ, ಮೆತ್ತೆ ಮುಟ್ಟುತ್ತಾರೆ, ಎಲ್ಲವೂ ಸರಿ ಇದೆ. ದೂರದಲ್ಲಿ ಮಂಟಪದ ಬಾಗಿಲಲ್ಲಿ ಮಗಳು ಮಾಲೆ ಹಿಡಿದು ನಿಂತದ್ದು ಕಾಣುತ್ತಿತ್ತು. ಆಕೆಯ ಮುಖ ಸಣ್ಣದಾಗಿತ್ತು.

ಕಾಕಾ ನನ್ನನ್ನು ನೋಡಿ ಸೋತ ದನಿಯಲ್ಲಿ ಹೇಳಿದರು. "ಏನೂ ಕಡಿಮಿ ಆಗಿಲ್ಲ ತಮ್ಮಾ. ಯಾತರದೋ ದಾರಿ ನೋಡಾಕತ್ತಂಗ ನಿಂತಾಳ."

ಆಗ ನನಗೆ ಥಟ್ಟನೆ ಹೊಳೆಯಿತು. ಈ ಜೀನು ಹಾಕಿದಾಗಲೆಲ್ಲ ಆಕೆಗೆ ಒಂದು ಸಂಗತಿ ಆಗಿತ್ತು. ಅದಾದ ಮೇಲೆಯೇ ನೋವಿಲ್ಲ ಎಂದು ಆಕೆ ನಂಬುತ್ತಿದ್ದಳು. ಇವತ್ತು ಅದೊಂದು ಆಗಿರಲಿಲ್ಲ. ಕೈ ತೊಳೆಯುವುದೂ ನೆನಪಾಗದೆ ಹಿಂದೆ ಹೋಗಿ, ಮದುಮಗನ ಬಿಳಿ ಅಂಗಿ ಇಳಿಬಿದ್ದಿದ್ದ 'ತಾಯಿಯ ಆಶೀರ್ವಾದ'ದ ಮೇಲೆ ಎರಡು ಏಟು ಬಡಿದೆ.

"ಹ್ಞೂಂ, ಹೋಗ್ರಿ ಇನ್ನ!"

ಬೆಣ್ಣಿ ಉಸಿರು ಬಿಟ್ಟಳು. ಬಾಜಾದವರು ತಯಾರಾಗುವ ಮೊದಲೇ ಕಾಲೆತ್ತಿದಳು. ಆಮೇಲೆ ಆಕೆ ಕುಣಿದದ್ದನ್ನು ಐನಾಪುರದವರು ಇವತ್ತಿಗೂ ಹೇಳುತ್ತಾರೆ. ಗುಡಿಯಿಂದ ಮಂಟಪದವರೆಗೆ ಕುಣಿದಳು, ಮಂಟಪದ ಸುತ್ತ ಕುಣಿದಳು, ಮದುಮಗ ಆಕೆಯ ಕುತ್ತಿಗೆಯನ್ನು ಅಪ್ಪಿ ಹಿಡಿದು ದೇವರ ಹೆಸರು ಹೇಳುತ್ತಿದ್ದ. ನನ್ನ ಹೆಂಡತಿ ಅವನನ್ನು ನೋಡಿ ನನ್ನನ್ನು ನೋಡಿದಳು. ಮಗಳು ಮಾಲೆ ಮರೆತು ಚಪ್ಪಾಳೆ ತಟ್ಟುತ್ತಿದ್ದಳು. ಕಾಕಾ ಈ ಸಲ ಗೋಡೆ ಹುಡುಕಲಿಲ್ಲ, ಎಲ್ಲರೆದುರೇ ಅತ್ತರು.

ಮದುಮಗ ಇಳಿದ ಮೇಲೆ ನೋಡಿದರೆ ಬಿಳಿ ಬಟ್ಟೆಯ ಹಿಂದೆ, ನಡುವಿನ ಕೆಳಗೆ, ನನ್ನ ಐದೂ ಬೆರಳಿನ ಹಳದಿ ಹಸ್ತ ಮೂಡಿತ್ತು. ಒಂದು ಚೂರು ಉಳ್ಳಾಗಡ್ಡಿಯೂ ಅಂಟಿತ್ತು. ನಾನು ನೆಲ ನೋಡಿದೆ. ಮದುಮಗನ ತಾಯಿ ಹತ್ತಿರ ಬಂದು ನೋಡಿ, "ಅರಿಶಿಣದ ಹಸ್ತ! ಶುಭ ಆತು ಬಿಡ್ರಿ," ಎಂದು ಕೈಮುಗಿದರು. ಮಾತು ಅಲ್ಲಿಗೇ ಮುಗಿಯಿತು ಎಂದುಕೊಂಡೆ.

ಅಲ್ಲಿಗೆ ಮುಗಿಯಲಿಲ್ಲ. ಬೆಣ್ಣಿಗೆ ಮತ್ತೆ ಮದುವೆಗಳು ಬಂದವು. ಪ್ರತಿ ಸಲ ಶಹಾಬಾದಿನಿಂದ ನಾನು ಹೋಗಲಾಗುತ್ತದೆಯೇ? ಕಾಕಾ ಆಯಾ ಊರಿನ ಹಿರಿಯರಿಗೆ ಹೇಳಿ ಆ ಎರಡು ಏಟು ಹಾಕಿಸುತ್ತಿದ್ದರಂತೆ. ನನಗೆ ಅದು ಗೊತ್ತಿರಲಿಲ್ಲ.

ಕೆಲವು ವರ್ಷಗಳಾದ ಮೇಲೆ ಕೊಡ್ಲಿ ಎಂಬ ಊರಿನಲ್ಲಿ ನಮ್ಮ ನೆಂಟರ ಲಗ್ನ. ಹೋಗಿ ನೋಡಿದರೆ ಬೆಣ್ಣಿ! ಅದೇ ಕೆಂಪು ಜೀನು, ಪಕ್ಕದಲ್ಲಿ ಕಾಕಾ. ನಾನು ಖುಷಿಯಿಂದ ಹತ್ತಿರ ಹೋದೆ. ಕೈ ತಾನೇ ಏಳುತ್ತಿತ್ತು, ಅಷ್ಟರಲ್ಲಿ ದೊಡ್ಡ ರುಮಾಲಿನ ಒಬ್ಬ ಹಿರಿಯರು ಅಡ್ಡ ಬಂದರು. ಅವರ ಕೈಯಲ್ಲಿ ಅರಿಶಿಣದ ಬಟ್ಟಲು ಇತ್ತು.

"ಏ ತಮ್ಮಾ, ಯಾವೂರು ನಿಂದು? ಹಂಗ ಮುಟ್ಟಬಾರ್ದು. ಇದಕ್ಕ ಪದ್ಧತಿ ಅದ. ಮೊದಲು ಬಲಗೈಗೆ ಅರಿಶಿಣ ಹಚ್ಕೋಬೇಕು. ಜೀನಿನ ಹಿಂದ ಎರಡು ಸಲ ಬಡೀಬೇಕು. 'ಹೋಗ್ರಿ ಇನ್ನ' ಅನಬೇಕು. ಆಮ್ಯಾಲೇ ಮೆರವಣಿಗಿ."

"ಇದು ಯಾವ ಕಾಲದ ಪದ್ಧತಿರಿ ಮುತ್ಯಾ?"

"ನಮ್ಮ ಮುತ್ಯಾನ ಮುತ್ಯಾನ ಕಾಲದಿಂದ ನಡದದ. ನಿಮ್ಮ ಶಹರದ ಮಂದಿಗೆ ಏನ್ ಗೊತ್ತಾಗ್ತದ?"

ಬೆಣ್ಣಿಯ ಆಚೆ ಕಡೆ ಕಾಕಾ ಆಕೆಯ ಜೂಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಭುಜ ಅಲ್ಲಾಡುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಮುತ್ಯಾ, ಅರಿಶಿಣದ ಕೂಡ ಒಂದು ಚೂರು ಉಳ್ಳಾಗಡ್ಡಿನೂ ಬೇಕಲ್ರಿ?"

ಹಿರಿಯರು ನನ್ನನ್ನು ಸುಡುವ ಹಾಗೆ ನೋಡಿದರು. "ಪದ್ಧತಿ ಗೊತ್ತಿಲ್ಲಂದ್ರ ಸುಮ್ಮ ನಿಂದ್ರು. ದೇವರ ಕೆಲಸದಾಗ ಚೇಷ್ಟಿ ಮಾಡಬ್ಯಾಡ!"

ನಾನು ಸುಮ್ಮನೆ ಹಿಂದೆ ಸರಿದು ಕೈ ಕಟ್ಟಿ ನಿಂತೆ. ಅವರು ಭಕ್ತಿಯಿಂದ ಎರಡು ಸಲ ಬಡಿದು, "ಹೋಗ್ರಿ ಇನ್ನ" ಎಂದರು. ಬೆಣ್ಣಿ ಜಗ್ಗಲಿಲ್ಲ. ಕತ್ತು ತಿರುಗಿಸಿ ಮಂದಿಯ ನಡುವೆ ನನ್ನನ್ನೇ ನೋಡಿದಳು, ನಾಲ್ಕು ಹೆಜ್ಜೆ ಬಂದು ಲಗ್ನದಲ್ಲೂ ನನ್ನ ಕಿವಿಯಲ್ಲೇ ಇದ್ದ ಪೆನ್ಸಿಲನ್ನು ತಿಂದಳು, ಆಮೇಲೆ ಕುಣಿಯಲು ಹೋದಳು.

ಹಿರಿಯರು ಅದನ್ನು ಕಣ್ಣಗಲಿಸಿ ನೋಡಿದರು. ಮುಂದಿನ ವರ್ಷದಿಂದ ಕೊಡ್ಲಿಯಲ್ಲಿ ಅರಿಶಿಣದ ಬಟ್ಟಲಿನ ಜೊತೆ ಒಂದು ಪೆನ್ಸಿಲನ್ನೂ ಇಡುತ್ತಾರಂತೆ.